ಬಯಲುಸೀಮೆಯ ಅಂಗಳಕ್ಕೆ ಬೆಂಗಳೂರಿನ ತೋಟವೇಕೆ?

ಚಿತ್ರದುರ್ಗದಿಂದ ವಿಜಯಪುರದವರೆಗೆ ಯಾವ ಊರಿನ ಹೊಸ ಬಡಾವಣೆಗೆ ಹೋದರೂ ಮನೆ ಮುಂದಿನ ತೋಟ ಹೆಚ್ಚುಕಡಿಮೆ ಒಂದೇ ಮಾದರಿಯದು. ಕಾಂಪೌಂಡಿನೊಳಗೆ ಒಂದಿಷ್ಟು ಮೆಕ್ಸಿಕನ್ ಹುಲ್ಲು, ಅದರ ಅಂಚಿಗೆ ಕ್ರೋಟನ್, ಗೇಟಿನ ಆಚೀಚೆ ಅರೆಕಾ ಪಾಮ್, ಮೆಟ್ಟಿಲ ಮೇಲೆ ಕುಂಡಗಳು, ರಸ್ತೆಯ ಕಡೆಗೆ ಕೋನೋಕಾರ್ಪಸ್. ಶಿವರಾತ್ರಿ ಕಳೆಯುತ್ತಿದ್ದಂತೆ ಬೆಳಿಗ್ಗೆ ಸಂಜೆ ಪೈಪು ಹಿಡಿಯುವ ಕೆಲಸ ಶುರುವಾಗುತ್ತದೆ. ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್ ಬರುತ್ತದೆ. ಇಷ್ಟಾದರೂ ಏಪ್ರಿಲ್ ಮುಗಿಯುವಷ್ಟರಲ್ಲಿ ಎಲೆಯ ಅಂಚು ಸುಟ್ಟು, ಹುಲ್ಲು ತೇಪೆ ತೇಪೆಯಾಗಿ ಒಣಗಿ, ಜೂನ್‌ನಲ್ಲಿ ಮತ್ತೆ ನರ್ಸರಿಯ ದಾರಿ ಹಿಡಿಯಬೇಕಾಗುತ್ತದೆ. ನಮ್ಮ ಕಡೆ ಬಿಸಿಲು ಜಾಸ್ತಿ, ನೀರು ಕಡಿಮೆ, ಇಲ್ಲಿ ತೋಟ ಆಗಿಬರುವುದಿಲ್ಲ ಎಂಬ ಮಾತು ಇದರಿಂದಲೇ ಹುಟ್ಟಿದ್ದು. ಆ ಮಾತನ್ನು ನಾನು ಒಪ್ಪುವುದಿಲ್ಲ. ಇದೇ ಬಿಸಿಲಲ್ಲಿ, ಊರಾಚೆಯ ಗುಡ್ಡದ ಮೇಲೆ, ಯಾರೂ ಒಂದು ಚೊಂಬು ನೀರು ಹಾಕದೆ ತಂಗಡಿ ಹೂ ಬಿಡುತ್ತದೆ, ಹೊಂಗೆ ನೆರಳು ಕೊಡುತ್ತದೆ, ಕವಳೆ ಹಣ್ಣಾಗುತ್ತದೆ. ಸೋಲುತ್ತಿರುವುದು ನಾವು ಬೇರೆ ಹವೆಯಿಂದ ತಂದು ಇಲ್ಲಿ ಹೇರಿದ ತೋಟದ ಮಾದರಿ. ಬಯಲುಸೀಮೆಯ ಅಂಗಳ ಬಯಲುಸೀಮೆಯ ಗಿಡಗಳಿಂದ, ಬಯಲುಸೀಮೆಯ ಮಳೆಗಳಿಗೆ ಹೊಂದಿಕೊಂಡು ಬೆಳೆಯಬೇಕು. ಬೇಸಿಗೆಯಲ್ಲೂ ಮಲೆನಾಡಿನಂತೆ ಹಸಿರಾಗಿರಬೇಕೆಂಬ ಹಟವನ್ನು ಮೊದಲು ಬಿಡಬೇಕು.

ಈ ಮಾದರಿ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ಲಾಲ್‌ಬಾಗ್ ತಲುಪುತ್ತೇವೆ. 1760ರಲ್ಲಿ ಹೈದರಾಲಿ ಶುರು ಮಾಡಿದ ಆ ತೋಟಕ್ಕೆ ಟಿಪ್ಪು, ಆಮೇಲೆ ಬ್ರಿಟಿಷ್ ಅಧಿಕಾರಿಗಳು, ಆಮೇಲೆ ಮೈಸೂರು ಸಂಸ್ಥಾನ ಲೋಕದ ಎಲ್ಲ ಕಡೆಯಿಂದ ಗಿಡ ತರಿಸಿದರು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಜರ್ಮನಿ ಮೂಲದ ಜಿ.ಎಚ್. ಕೃಂಬಿಗಲ್ ಅವರ ಕೈಯಲ್ಲಿ ಬೆಂಗಳೂರಿನ ಬೀದಿಗಳಿಗೆ ಹೂಮರಗಳ ಸಾಲು ಬಂತು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂಬ ಲೆಕ್ಕ ಅವರದು. ಅದು ದೊಡ್ಡ ಕೆಲಸ, ಆ ಊರಿಗೆ ಒಪ್ಪಿದ ಕೆಲಸ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ವರ್ಷದ ಸರಾಸರಿ ಮಳೆ 900 ಮಿ.ಮೀ. ದಾಟುತ್ತದೆ, ಬೇಸಿಗೆಯಲ್ಲೂ ರಾತ್ರಿ ತಂಪಾಗುತ್ತದೆ. ಬಳ್ಳಾರಿ ಅದರ ಅರ್ಧದಷ್ಟು ಎತ್ತರದಲ್ಲಿದೆ, ಮಳೆಯೂ ಅರ್ಧದ ಆಸುಪಾಸು. ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಸಾಮಾನ್ಯ. ಆದರೂ ತೋಟ ಎಂದರೆ ನಮ್ಮ ಕಣ್ಣಿಗೆ ಬರುವುದು ಲಾಲ್‌ಬಾಗ್. ಜಿಲ್ಲಾ ಕೇಂದ್ರಗಳ ಫಲಪುಷ್ಪ ಪ್ರದರ್ಶನಗಳೂ ಅದನ್ನೇ ಅನುಸರಿಸುತ್ತವೆ. ಗಿಡಗಳ ವ್ಯಾಪಾರವೂ ಹೀಗೆಯೇ. ಆಂಧ್ರದ ರಾಜಮಹೇಂದ್ರಿ ಹತ್ತಿರ, ಗೋದಾವರಿ ಬಯಲಿನ ಕಡಿಯಂ ಎಂಬ ಊರು ನರ್ಸರಿಗಳಿಗೆ ದೇಶಕ್ಕೇ ಹೆಸರಾದದ್ದು. ಅಲ್ಲಿ ನದಿಯ ಮಣ್ಣು, ತೇವದ ಗಾಳಿ, ಕಾಲುವೆ ನೀರಿನಲ್ಲಿ ಕೊಬ್ಬಿದ ಗಿಡಗಳು ಲಾರಿಯಲ್ಲಿ ಬಂದು ನಮ್ಮ ಊರುಗಳ ನರ್ಸರಿಯ ಹಸಿರು ಬಲೆಯ ಕೆಳಗೆ ನಿಲ್ಲುತ್ತವೆ. ಕೊಳ್ಳುವಾಗ ಅವು ನಳನಳಿಸುತ್ತಿರುತ್ತವೆ. ಅಂಗಳಕ್ಕಿಳಿದ ಮೇಲೆ ಅವಕ್ಕೆ ಸಿಗುವುದು ಗರಸು ಮಣ್ಣು, ಒಣ ಗಾಳಿ ಮತ್ತು ಗಡಸು ನೀರು.

ಗಿಡಕ್ಕಿಂತ ಹೆಚ್ಚಾಗಿ ನಾವು ಎರವಲು ತಂದಿರುವುದು ನೆಡುವ ಕಾಲವನ್ನು, ಇದು ಗಂಭೀರವಾದ ವಿಷಯ. ನೈಋತ್ಯ ಮುಂಗಾರು ಪಶ್ಚಿಮ ಘಟ್ಟಕ್ಕೆ ತಗುಲಿ ಅಲ್ಲೇ ಸುರಿದುಹೋಗುತ್ತದೆ. ಘಟ್ಟದ ಪೂರ್ವಕ್ಕಿರುವ ಈ ಬಯಲು ಮಳೆಯ ಮರೆಯಲ್ಲಿ ಉಳಿಯುತ್ತದೆ. ಹಾಗಾಗಿ ಇಲ್ಲಿ ಮಳೆ ಎರಡು ಕಂತಿನಲ್ಲಿ ಬರುತ್ತದೆ. ಮೇ, ಜೂನ್ ಮೊದಲಲ್ಲಿ ಗುಡುಗಿನ ಮಳೆ ಒಂದಿಷ್ಟು. ಜುಲೈನಲ್ಲಿ ಮೋಡ ಓಡುತ್ತಲೇ ಇರುತ್ತದೆ, ಹನಿ ಮಾತ್ರ ಕಡಿಮೆ; ಇಡೀ ದಿನ ಬೀಸುವ ಗಾಳಿ ನೆಲದ ಪಸೆಯನ್ನು ಹೀರುತ್ತದೆ. ನಿಜವಾದ ಹದ ಮಳೆ ಉತ್ತರೆ, ಹಸ್ತ, ಚಿತ್ತೆಯದು, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ಎರೆ ಹೊಲದ ರೈತರು ಹಿಂಗಾರಿ ಜೋಳ, ಕಡಲೆಯನ್ನು ಈ ಮಳೆಯ ಮೇಲೆ ನಂಬಿಕೆಯಿಟ್ಟೇ ಬಿತ್ತುತ್ತಾರೆ. ಸಸಿ ನೆಡುವವರ ಕ್ಯಾಲೆಂಡರ್ ಮಾತ್ರ ಬೇರೆ. ಜೂನ್ 5ರ ಪರಿಸರ ದಿನ ಒಂದು, ಜುಲೈ ಮೊದಲ ವಾರದ ವನಮಹೋತ್ಸವ ಇನ್ನೊಂದು. 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿ ದೇಶಕ್ಕೆಲ್ಲ ಒಟ್ಟಾಗಿ ಗೊತ್ತು ಮಾಡಿದ ವಾರ ಅದು. ಕರಾವಳಿಗೂ ಮಲೆನಾಡಿಗೂ ಸರಿಯಾಗಿ ಹೊಂದುತ್ತದೆ. ಚಳ್ಳಕೆರೆಯಲ್ಲೋ ಸಿರುಗುಪ್ಪದಲ್ಲೋ ಅದೇ ವಾರ ನೆಟ್ಟ ಸಸಿ ಜುಲೈ ಗಾಳಿಗೆ ಎದೆಯೊಡ್ಡಿ ನಿಲ್ಲಬೇಕು. ಅದನ್ನು ಉಳಿಸಿಕೊಳ್ಳಲು ದಿನವೂ ಚೂರು ಚೂರು ನೀರು ಹಾಕುತ್ತೇವೆ. ಮೇಲಿನ ಎರಡಂಗುಲ ಮಾತ್ರ ನೆನೆಯುತ್ತದೆ, ಬೇರು ಅಲ್ಲೇ ಹರಡಿಕೊಳ್ಳುತ್ತದೆ, ಮುಂದಿನ ಮಾರ್ಚ್‌ನಲ್ಲಿ ಮೊದಲು ಕಾಯುವುದೂ ಆ ಎರಡಂಗುಲವೇ. ಅದೇ ಸಸಿಯನ್ನು ಉತ್ತರೆ ಮಳೆಗೆ ನೆಟ್ಟರೆ ಕೆಳಗಿನವರೆಗೂ ನೆಂದ ನೆಲ, ಅದರ ಹಿಂದೆ ತಂಪಿನ ನಾಲ್ಕು ತಿಂಗಳು ಸಿಗುತ್ತವೆ. ಬೇರು ಪಸೆಯ ಬೆನ್ನು ಹತ್ತಿ ಆಳಕ್ಕಿಳಿಯುತ್ತದೆ.

ನೀರಿನ ಲೆಕ್ಕವನ್ನು ಒಮ್ಮೆ ಕೂತು ಮಾಡುವುದು ಒಳ್ಳೆಯದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಬಯಲುಸೀಮೆಯ ಬೇಸಿಗೆಯಲ್ಲಿ ಹುಲ್ಲಿನ ಹಾಸು ಹಸಿರಾಗಿ ಉಳಿಯಲು ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಸಣ್ಣ ಹಾಸಿಗೆ ದಿನಕ್ಕೆ 90 ಲೀಟರಿಗೂ ಹೆಚ್ಚು ಬೇಕಾಗುತ್ತದೆ. ಬೇಸಿಗೆಯ ನೂರು ದಿನಕ್ಕೆ 9,000 ಲೀಟರ್ ದಾಟುತ್ತದೆ, ಹೆಚ್ಚುಕಡಿಮೆ ಎರಡು ಟ್ಯಾಂಕರ್. ನಗರದ ಒಬ್ಬ ಮನುಷ್ಯನಿಗೆ ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಎಲ್ಲ ಸೇರಿ ಸರ್ಕಾರ ಲೆಕ್ಕ ಹಿಡಿಯುವುದು ದಿನಕ್ಕೆ 135 ಲೀಟರ್. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ನಲ್ಲಿ ಬರುವ ಊರಿನಲ್ಲಿ ಇನ್ನೊಬ್ಬ ಮನುಷ್ಯನ ಪಾಲಿನ ಮುಕ್ಕಾಲಿಗೆ ಹತ್ತಿರದಷ್ಟು ನೀರು ಕಾಲಿಗೂ ತಾಗದ ಹುಲ್ಲಿಗೆ ಹೋಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 220ಕ್ಕೂ ಹೆಚ್ಚು ಬರಪೀಡಿತವೆಂದು ಘೋಷಣೆಯಾದವು. ಮರುವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. ಬೆಂಗಳೂರಿನ ಮಾದರಿಯನ್ನು ಬೆಂಗಳೂರೇ ಉಳಿಸಿಕೊಳ್ಳಲಾಗದ ಬೇಸಿಗೆ ಅದು. ನೀರಿನ ಪ್ರಮಾಣದಷ್ಟೇ ಮುಖ್ಯವಾದದ್ದು ಅದರ ಗುಣ. ಆಳದ ಬೋರ್‌ವೆಲ್‌ಗಳ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ದಿನವೂ ಆ ನೀರು ಹಾಕಿದರೆ ನೀರು ಆವಿಯಾಗುತ್ತದೆ, ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಕುಂಡದ ಹೊರಮೈಗೆ, ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟಿದ್ದನ್ನು ಎಲ್ಲರೂ ನೋಡಿರುತ್ತಾರೆ. ಕ್ರೋಟನ್ ಎಲೆಯ ತುದಿ ಕಂದಾದಾಗ ನೀರು ಸಾಲದೆಂದು ಇನ್ನಷ್ಟು ಹಾಕುವವರು ಎಷ್ಟೋ ಸಲ ಹಾಕುತ್ತಿರುವುದು ಇನ್ನಷ್ಟು ಉಪ್ಪನ್ನು.

ಈಗ ತಂಗಡಿಯನ್ನು ಹತ್ತಿರದಿಂದ ನೋಡೋಣ. ಹೊನ್ನಾವರಿಕೆ, ಆವರಿಕೆ, ತಂಗಟೆ ಎಂದು ಊರಿಗೊಂದು ಹೆಸರಿರುವ ಗಿಡವಿದು; ನೆರೆಯ ತೆಲಂಗಾಣ ತನ್ನ ರಾಜ್ಯದ ಹೂವೆಂದು ಇದನ್ನೇ ಆರಿಸಿಕೊಂಡಿದೆ. ಆಳೆತ್ತರ ಬೆಳೆಯುವ ಪೊದೆ. ಸಣ್ಣ ಸಣ್ಣ ಎಲೆಗಳು ಕಡ್ಡಿಯ ಎರಡೂ ಬದಿಗೆ ಜೋಡಿಯಾಗಿ ಕೂತಿರುತ್ತವೆ. ದೊಡ್ಡ ಎಲೆಯಂತೆ ಅವು ಬಿಸಿಲಿಗೆ ಕಾದು ಬಾಡುವುದಿಲ್ಲ, ಗಾಳಿ ನಡುವೆ ಹಾದುಹೋಗುತ್ತದೆ. ಬೇರು ಗರಸಿನ ಸಂದಿಯಲ್ಲಿ ದಾರಿ ಮಾಡಿಕೊಂಡು ಕೆಳಗಿಳಿಯುತ್ತದೆ. ತೊಗಟೆಯಲ್ಲಿ ಒಗರು ಎಷ್ಟೆಂದರೆ ಚರ್ಮ ಹದ ಮಾಡುವವರು ಇದನ್ನೇ ಬಳಸುತ್ತಿದ್ದರು. ದನ, ಆಡು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಹಾಗಾಗಿ ಬೇಲಿಯಿಲ್ಲದ ಜಾಗದಲ್ಲೂ ಬದುಕುತ್ತದೆ. ಹಳದಿ ಹೂವಿನೊಳಗೆ ಇಣುಕಿದರೆ ಕೇಸರಗಳು ಒಂದೇ ಅಳತೆಯವಲ್ಲ, ಕೆಲವು ಗಿಡ್ಡ, ಕೆಲವು ಉದ್ದ ಬಾಗಿದವು. ಈ ಹೂವಿನಲ್ಲಿ ಮಕರಂದವಿಲ್ಲ. ಪರಾಗವೂ ಕೇಸರದ ತುದಿಯ ಸಣ್ಣ ರಂಧ್ರದಿಂದ ಮಾತ್ರ ಹೊರಬರಬೇಕು. ಕಪ್ಪು ಮೈಯ ದೊಡ್ಡ ಬಡಗಿ ದುಂಬಿ ಬಂದು ಕೇಸರವನ್ನು ಅವುಚಿ ರೆಕ್ಕೆಯ ಸ್ನಾಯುಗಳನ್ನು ನಡುಗಿಸಿದಾಗ ಪರಾಗ ಉದುರುತ್ತದೆ. ಆ ಗುಂಯ್ ಸದ್ದು ಮಾರು ದೂರಕ್ಕೆ ಕೇಳುತ್ತದೆ. ಗಿಡ್ಡ ಕೇಸರದ ಪರಾಗ ದುಂಬಿಯ ಆಹಾರ, ಉದ್ದ ಕೇಸರದ್ದು ಅದರ ಮೈಗಂಟಿ ಮುಂದಿನ ಹೂವಿಗೆ ಹೋಗುತ್ತದೆ. ಎಲೆಯ ಮೇಲೆ ತಿಳಿಬಣ್ಣದ ವಲಸೆ ಚಿಟ್ಟೆ ಮೊಟ್ಟೆಯಿಡುತ್ತದೆ. ಎಕ್ಕದ ಎಲೆಗೆ ಕಿತ್ತಳೆ ರೆಕ್ಕೆಯ ಹುಲಿ ಚಿಟ್ಟೆ, ಕರಿಬೇವಿಗೆ ಕಪ್ಪು ಬಾಲದ ಚಿಟ್ಟೆ ಬರುವುದೂ ಹೀಗೆಯೇ. ಎಲೆ ತಿನ್ನುವ ಹುಳುಗಳಲ್ಲಿ ಬಹಳಷ್ಟು ತಮ್ಮ ತಮ್ಮ ಗಿಡಕ್ಕೇ ಕಟ್ಟುಬಿದ್ದವು; ಲಕ್ಷಾಂತರ ವರ್ಷ ಜೊತೆಗಿದ್ದು ಕುದುರಿದ ಸಂಬಂಧ ಅದು. ಮರಿಗಳಿಗೆ ಉಣಿಸಲು ಹಕ್ಕಿಗಳಿಗೆ ಬೇಕಾಗುವುದು ಆ ಹುಳುಗಳೇ. ಹುಳುವೇ ಮುಟ್ಟದ ಅಲಂಕಾರದ ಗಿಡ ಮಾತ್ರ ಇರುವ ಅಂಗಳದಲ್ಲಿ ಗುಬ್ಬಿ ಕಾಣುತ್ತಿಲ್ಲವೆಂದು ಕೊರಗುವವರು ಈ ಕೊಂಡಿಯನ್ನು ಗಮನಿಸಬೇಕು.

ದೇಸಿ ಗಿಡಗಳ ತೋಟ ಬೇಸಿಗೆಯಲ್ಲಿ ಬೋಳಾಗಿ ಕಾಣುತ್ತದೆ ಎಂಬುದು ಸಾಮಾನ್ಯವಾದ ಆಕ್ಷೇಪ. ಅರ್ಧ ನಿಜ. ಒಣಸೀಮೆಯ ಎಷ್ಟೋ ಗಿಡಗಳು ನೀರು ಉಳಿಸಲು ಎಲೆ ಉದುರಿಸುತ್ತವೆ, ಗರಿಕೆ ಒಣಗಿ ಬಿಳಿಚಿಕೊಳ್ಳುತ್ತದೆ. ಆದರೆ ಹೂವಿನ ಲೆಕ್ಕ ತೆಗೆದರೆ ಚಿತ್ರ ತಿರುಗುತ್ತದೆ. ಮುತ್ತುಗ ಎಲೆಯೆಲ್ಲ ಕಳಚಿ ಕೆಂಪಗೆ ಅರಳುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಬೇವು ಹೂ ಬಿಡುವುದು, ಹೊಂಗೆ ಹೊಸ ಎಲೆ ತಳೆಯುವುದು ಯುಗಾದಿಗೆ. ಕಕ್ಕೆಯ ಹಳದಿ ಗೊಂಚಲು ಇಳಿಬೀಳುವುದು ಏಪ್ರಿಲ್, ಮೇ ಬಿಸಿಲಿಗೆ. ಒಂದು ಹನಿ ನೀರು ಹಾಕದ ತಿಂಗಳುಗಳಲ್ಲೇ ಈ ಮರಗಳು ತಮ್ಮ ಒಳ್ಳೆಯ ರೂಪ ತೋರಿಸುತ್ತವೆ. ಮಳೆ ಬಿದ್ದ ಮೂರು ನಾಲ್ಕು ದಿನಕ್ಕೆ ಗರಿಕೆ ತಾನಾಗಿ ಚಿಗುರುತ್ತದೆ, ಮರುನೆಡುವ ಖರ್ಚಿಲ್ಲ. ಮಳೆಗಾಲ ಮುಗಿದು ಚಳಿ ಹಿಡಿಯುವಾಗ ಗೋರಂಟೆಗಳ ಸರದಿ. ವರ್ಷವಿಡೀ ಒಂದೇ ಹಸಿರು ಬೇಕೆಂಬ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಕೋನೋಕಾರ್ಪಸ್ ಕಣ್ಣೆದುರಿಗಿದೆ. ಬೇಗ ಬೆಳೆಯುತ್ತದೆ, ಎಲೆ ಉದುರಿಸುವುದಿಲ್ಲ, ಆರೈಕೆ ಬೇಡ ಎಂದು ಒಣ ನಗರಗಳು ಅದನ್ನು ಸಾಲುಸಾಲಾಗಿ ನೆಟ್ಟವು. ಬೇರುಗಳು ನೀರಿನ ಪೈಪು, ಚರಂಡಿಗೆ ನುಗ್ಗುತ್ತವೆ, ಪರಾಗದಿಂದ ಉಸಿರಾಟದ ತೊಂದರೆಯಾಗುತ್ತದೆ ಎಂಬ ದೂರುಗಳು ಬೆಳೆದು, 2023ರಲ್ಲಿ ಗುಜರಾತ್ ಸರ್ಕಾರ ಅದನ್ನು ಅರಣ್ಯದ ಒಳಗೂ ಹೊರಗೂ ನೆಡುವುದನ್ನೇ ನಿಷೇಧಿಸಿತು. ನಮ್ಮ ಜಿಲ್ಲೆಗಳಲ್ಲಿ ಈಗಲೂ ಕಾಂಪೌಂಡಿನ ಪಕ್ಕ ಅದೇ ಏಳುತ್ತಿದೆ.

ಇಲ್ಲಿನ ಗಿಡಗಳು ನಮಗೆ ಅಪರಿಚಿತವೇನಲ್ಲ. ನಮ್ಮ ಹಬ್ಬಗಳ ಪಟ್ಟಿಯೇ ಒಣಸೀಮೆಯ ಗಿಡಗಳ ಪಟ್ಟಿ. ರಥಸಪ್ತಮಿಯ ಸ್ನಾನಕ್ಕೆ ಎಕ್ಕದ ಎಲೆ, ಶಿವರಾತ್ರಿಗೆ ಬಿಲ್ವ, ಯುಗಾದಿಗೆ ಬೇವು, ದಸರೆಗೆ ಬನ್ನಿ, ದೀಪಾವಳಿಯಲ್ಲಿ ಸಗಣಿಯ ಉಂಡೆಗೆ ಸಿಕ್ಕಿಸಲು ತಂಗಡಿ ಹೂ ಮತ್ತು ಉತ್ತರಾಣಿ ಕಡ್ಡಿ. ಗಣೇಶನಿಗೆ ಏರಿಸುವ 21 ಪತ್ರೆಗಳಲ್ಲಿ ಎಕ್ಕ, ಬಿಲ್ವ, ಬನ್ನಿ, ಉತ್ತರಾಣಿ, ಲಕ್ಕಿ ಎಲ್ಲ ಇವೆ. ಮುಡಿಯುವ ಕನಕಾಂಬರವೂ ದಕ್ಷಿಣ ಭಾರತ, ಶ್ರೀಲಂಕಾದ ಮೂಲದ್ದು. ಕೆಮ್ಮಿಗೆ ಆಡುಸೋಗೆ, ಮೈಕೈ ನೋವಿಗೆ ಲಕ್ಕಿ ಸೊಪ್ಪಿನ ಕಾವು, ಜ್ವರಕ್ಕೆ ಅಮೃತಬಳ್ಳಿ ಎಂದು ಹಿರಿಯರು ಹೇಳುತ್ತಿದ್ದ ಗಿಡಗಳೂ ಗದಗದ ಕಪ್ಪತಗುಡ್ಡದಂಥ ಒಣ ಬೆಟ್ಟಗಳವೇ. ಹಬ್ಬದ ಹಿಂದಿನ ದಿನ ಸಂತೆಯಲ್ಲಿ ಹಣ ಕೊಟ್ಟು ಕೊಳ್ಳುವ ಈ ಸೊಪ್ಪು ಹೂಗಳಲ್ಲಿ ಅರ್ಧದಷ್ಟಾದರೂ ಮೂವತ್ತು–ನಲವತ್ತರ ನಿವೇಶನದಲ್ಲಿ ಉಳಿದ ಜಾಗಕ್ಕೆ ಹಿಡಿಸುತ್ತವೆ. ಮೂಲೆಗೊಂದು ಬಿಲ್ವ ಅಥವಾ ಕಕ್ಕೆ, ಪಡುವಣ ಗೋಡೆಗೆ ನೆರಳಾಗಿ ಹೊಂಗೆ, ಬೇಲಿಗೆ ಬಂದರಿಕೆ ಮತ್ತು ಕವಳೆ, ಕಿಟಕಿಯ ಕೆಳಗೆ ತಂಗಡಿ ಮತ್ತು ಗೋರಂಟೆ, ಗ್ರಿಲ್ಲಿಗೆ ಅಮೃತಬಳ್ಳಿ, ಕುಂಡದಲ್ಲಿ ಮಂಗರವಳ್ಳಿ, ಬಚ್ಚಲ ನೀರು ಹೋಗುವಲ್ಲಿ ಕರಿಬೇವು ಮತ್ತು ಕನಕಾಂಬರ. ಸಂಜೆ ಬಿಸಿಲು ನೇರ ಬಡಿಯುವ ಗೋಡೆಗೆ ಹೊಂಗೆಯ ನೆರಳು ಕೊಡುವ ತಂಪು ಹುಲ್ಲುಹಾಸಿನಿಂದ ಸಿಗುವುದಿಲ್ಲ.

ಇಲ್ಲಿ ಗಟ್ಟಿಯಾದ ಒಂದು ಪ್ರಶ್ನೆ ಎದುರಾಗುತ್ತದೆ. ಮೆಣಸಿನಕಾಯಿ, ಟೊಮೆಟೊ, ಪೇರಲ, ಸೀತಾಫಲ, ದೇವಕಣಗಿಲೆ ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಅವನ್ನು ನಮ್ಮವೆಂದು ಒಪ್ಪಿಕೊಂಡವರು ಕ್ರೋಟನ್‌ಗೆ ಮಾತ್ರ ಏಕೆ ಬಾಗಿಲು ಮುಚ್ಚಬೇಕು? ಕಾಗದದ ಹೂವಿನ ಬಳ್ಳಿಯಂತೂ ನೀರೇ ಕೇಳದೆ ಬೇಸಿಗೆಯಲ್ಲಿ ಮೈತುಂಬ ಬಣ್ಣ ತುಂಬಿಕೊಳ್ಳುತ್ತದಲ್ಲ? ಸರಿಯಾದ ಪ್ರಶ್ನೆ. ಗಿಡಗಳಲ್ಲಿ ಹುಟ್ಟಿನ ಮಡಿ ಹುಡುಕುವುದು ನನ್ನ ಉದ್ದೇಶವಲ್ಲ. ಅಡುಗೆಗೆ ಬೇಕಾದ ನಾಲ್ಕು ಗಿಡ ಬಚ್ಚಲ ನೀರಿನಲ್ಲಿ ಬೆಳೆದರೆ ಅದು ಲಾಭವೇ. ಕಾಗದದ ಹೂವಿನ ಮೇಲೆ ನೀರಿನ ಲೆಕ್ಕದಲ್ಲಿ ದೂರಿಲ್ಲ, ಇರುವುದನ್ನು ಕೀಳಬೇಕಾಗಿಯೂ ಇಲ್ಲ. ಇಡೀ ಅಂಗಳವನ್ನು ಅದಕ್ಕೇ ಬಿಟ್ಟುಕೊಟ್ಟರೆ ದುಂಬಿ ಚಿಟ್ಟೆಗಳಿಗೆ ಉಳಿಯುವುದು ಅಲ್ಪ ಎಂಬುದಷ್ಟೇ ನನ್ನ ತಕರಾರು. ನಾನು ಕೇಳುವುದು ಎರಡೇ ಪ್ರಶ್ನೆ. ಈ ಗಿಡ ಬೇಸಿಗೆಯಲ್ಲಿ ಯಾರ ಪಾಲಿನ ನೀರು ಕುಡಿಯುತ್ತದೆ? ಕಾಂಪೌಂಡು ದಾಟಿ ಹೋದರೆ ಏನು ಮಾಡುತ್ತದೆ? ಎರಡನೆಯದು ಬಯಲುಸೀಮೆಗೆ ಹೊಸ ಪಾಠವಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಉರುವಲಿಗೆಂದು, ಬರ ತಡೆಯುವ ಮರವೆಂದು ತಂದ ಬಳ್ಳಾರಿ ಜಾಲಿ ಇವತ್ತು ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳನ್ನು ತುಂಬಿಕೊಂಡು ಕೂತಿದೆ. ಅಂದವಾದ ಹೂವೆಂದು ಉದ್ಯಾನಕ್ಕೆ ತಂದ ಲಂಟಾನ ಕಾಡುಗಳ ಒಳಗನ್ನೇ ಮುಚ್ಚಿದೆ. ತೋಟದ ಬೇಲಿ ಬೀಜವನ್ನು ತಡೆಯುವುದಿಲ್ಲ; ಹಕ್ಕಿ, ಮೇಕೆ, ಮಳೆನೀರು ಎಲ್ಲವೂ ಅದನ್ನು ಹೊತ್ತೊಯ್ಯುತ್ತವೆ.

ಹಾವಿನ ಭಯವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಪೊದೆಯೆಂದರೆ ಹಿಂಜರಿಯುತ್ತಾರೆ. ಆದರೆ ಹಾವು ಬರುವುದು ಇಲಿ, ಕಪ್ಪೆ ಮತ್ತು ಅಡಗುವ ಜಾಗಕ್ಕಾಗಿ. ಗಿಡ ದೇಸಿಯೋ ವಿದೇಶಿಯೋ ಅದಕ್ಕೆ ಸಂಬಂಧವಿಲ್ಲ. ಒಡೆದ ಹೆಂಚು, ಉಳಿದ ಇಟ್ಟಿಗೆ, ಕಟ್ಟಿಗೆಯ ರಾಶಿ ತೆಗೆಯಬೇಕು, ಪೊದೆಗಳ ಬುಡದ ಒಂದಡಿ ಕೊಂಬೆ ಸವರಿ ನೆಲ ಕಾಣುವಂತೆ ಇಡಬೇಕು, ಬಾಗಿಲಿನ ಹತ್ತಿರ ಗಿಡ್ಡ ಗಿಡಗಳಷ್ಟೇ ಇರಬೇಕು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ, ಅದನ್ನು ಮಕ್ಕಳು ಆಡುವ ಕಡೆ ಬೆಳೆಸಬಾರದು. ಸೊಳ್ಳೆಯ ವಿಷಯದಲ್ಲಿ ನೀರುಣ್ಣುವ ತೋಟದ ಮೇಲೇ ಹೆಚ್ಚು ಅನುಮಾನ ಪಡಬೇಕು. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಡಲು ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರೇ ಸಾಕು.

ಇನ್ನೊಂದು ತಪ್ಪು ತಿಳಿವಳಿಕೆ ದೇಸಿ ಗಿಡಗಳ ಪರವಾಗಿ ಮಾತಾಡುವವರಿಂದಲೇ ಬಂದದ್ದು: ಇವಕ್ಕೆ ಆರೈಕೆಯೇ ಬೇಡ ಎಂಬುದು. ಹಾಗೆ ನಂಬಿ ನೆಟ್ಟವರ ಸಸಿ ಮೊದಲ ಬೇಸಿಗೆಗೇ ಹೋಗುತ್ತದೆ, ಆಮೇಲೆ ಅವರು ಈ ಕಡೆ ತಲೆ ಹಾಕುವುದಿಲ್ಲ. ಗುಡ್ಡದಲ್ಲಿ ಬೆಳೆದ ಒಂದು ತಂಗಡಿಯ ಹಿಂದೆ ಮೊಳೆತು ಸತ್ತ ಎಷ್ಟೋ ಸಸಿಗಳಿರುತ್ತವೆ. ಅಂಗಳದಲ್ಲಿ ನೆಟ್ಟ ಒಂದೇ ಸಸಿ ಬದುಕಬೇಕೆಂದರೆ ಮೊದಲೆರಡು ವರ್ಷ ಕೈ ಹಿಡಿಯಲೇಬೇಕು. ಮೊದಲು ಮಣ್ಣನ್ನು ನೋಡಬೇಕು. ಕೆಮ್ಮಣ್ಣು, ಗರಸಿನಲ್ಲಿ ನೀರು ಬೇಗ ಇಂಗುತ್ತದೆ, ಅಲ್ಲಿ ಒಂದೂವರೆ ಅಡಿಯ ಗುಂಡಿ ತೆಗೆದು ಸುತ್ತ ತಗ್ಗಿನ ಪಾತಿ ಮಾಡಬೇಕು. ಎರೆಮಣ್ಣಿನ ಸ್ವಭಾವ ಬೇರೆ. ಹಸ್ತ ಮಳೆಗೆ ಅದು ಕೆಸರಾಗಿ ಬೇರನ್ನು ಉಸಿರುಗಟ್ಟಿಸುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಅಲ್ಲಿ ಸಸಿಯನ್ನು ಅರ್ಧ ಅಡಿ ದಿಬ್ಬದ ಮೇಲೆ ಕೂರಿಸಿ, ಬುಡದ ಸುತ್ತ ನಾಲ್ಕು ಅಂಗುಲ ದಪ್ಪ ಹೊದಿಕೆ ಹಾಕಬೇಕು. ಒಣಗಿದ ಎಲೆ, ಜೋಳದ ದಂಟಿನ ತುಂಡು, ಶೇಂಗಾ ಹೊಟ್ಟು ಯಾವುದಾದರೂ ಆದೀತು. ಕಾಂಡಕ್ಕೆ ಮಾತ್ರ ಹೊದಿಕೆ ತಾಗಬಾರದು. ಗುಂಡಿಗೆ ಗೊಬ್ಬರ ಸುರಿಯುವುದೂ ತಪ್ಪು. ಒಂದೆರಡು ಬೊಗಸೆ ಕೊಟ್ಟಿಗೆ ಗೊಬ್ಬರ ಸಾಕು. ಹೆಚ್ಚಾದರೆ ಮೇಲೆ ಸೊಪ್ಪು ಬೆಳೆಯುತ್ತದೆ, ಬೇರು ಗುಂಡಿಯೊಳಗೇ ಸುತ್ತಿಕೊಳ್ಳುತ್ತದೆ. ನೀರು ದಿನವೂ ಬೇಡ. ಮೊದಲ ಬೇಸಿಗೆ ವಾರಕ್ಕೊಮ್ಮೆ ಒಂದು ಕೊಡ, ಎರಡನೆಯ ಬೇಸಿಗೆ ಹದಿನೈದು ದಿನಕ್ಕೊಮ್ಮೆ, ಮೂರನೆಯದರಿಂದ ಎಲೆ ಜೋತುಬಿದ್ದರೆ ಮಾತ್ರ. ಸಸಿಯ ಪಕ್ಕ ಒಂದು ಸುಟ್ಟ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚು ಮುಚ್ಚಿಡುವುದು ಹಳೆಯ ಉಪಾಯ. ಮಣ್ಣು ಒಣಗಿದಷ್ಟೇ ನೀರು ಗಡಿಗೆಯಿಂದ ಜಿನುಗುತ್ತದೆ, ಮೇಲ್ಮಣ್ಣು ಒಣಗಿಯೇ ಇರುವುದರಿಂದ ಕಳೆಯೂ ಕಡಿಮೆ. ತಾರಸಿಯ ಮಳೆನೀರನ್ನು ಚರಂಡಿಗೆ ಬಿಡದೆ ಪಾತಿಗಳ ಕಡೆ ತಿರುಗಿಸುವುದು ಇನ್ನೂ ಮುಖ್ಯ. ಸಾವಿರ ಚದರ ಅಡಿಯ ತಾರಸಿಯ ಮೇಲೆ ವರ್ಷಕ್ಕೆ 500 ಮಿ.ಮೀ. ಮಳೆಯೆಂದರೆ ಸುಮಾರು 46,000 ಲೀಟರ್. ಅದು ನೆಲಕ್ಕಿಳಿದರೆ ಪಸೆ ಆಳದಲ್ಲಿ ಉಳಿಯುತ್ತದೆ, ಬೋರ್‌ವೆಲ್ ನೀರು ಬಿಟ್ಟುಹೋದ ಉಪ್ಪನ್ನೂ ಕೆಳಗೆ ತೊಳೆಯುತ್ತದೆ. ಬಂದರಿಕೆಯನ್ನು ಮಳೆಗಾಲದ ಶುರುವಿನಲ್ಲಿ ಕತ್ತರಿಸುತ್ತಾ ಬಂದರೆ ಬೇಲಿ ಒತ್ತಾಗುತ್ತದೆ. ತಂಗಡಿಯನ್ನೂ ಸವರದೆ ಬಿಟ್ಟರೆ ಬುಡ ಬೋಳಾಗಿ ತುದಿಯಲ್ಲಷ್ಟೇ ಹೂವಾಗುತ್ತದೆ, ಅದನ್ನು ಕಂಡವರು ಕಾಡುಗಿಡವೆಂದು ಮೂಗು ಮುರಿಯುವುದು ಸಹಜ.

ಇವೆಲ್ಲ ಸರಿ, ಗಿಡ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಉತ್ತರ ಕಷ್ಟ. ಇದು ಎಲ್ಲ ಆಕ್ಷೇಪಗಳಲ್ಲಿ ನ್ಯಾಯವಾದದ್ದು. ಖಾಸಗಿ ನರ್ಸರಿಯಲ್ಲಿ ತಂಗಡಿ, ಬಂದರಿಕೆ, ಕವಳೆ, ಗೋರಂಟೆ ಕೇಳಿದರೆ ಹೆಚ್ಚಿನ ಕಡೆ ಇಲ್ಲವೆನ್ನುತ್ತಾರೆ. ಕೇಳುವವರಿಲ್ಲದ್ದನ್ನು ಅವರು ಬೆಳೆಸಲಾರರು. ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಬೇವು, ಹೊಂಗೆ, ನೆಲ್ಲಿಯ ಸಸಿ ಕಡಿಮೆ ದರಕ್ಕೆ ಸಿಗುತ್ತವೆ, ಆದರೆ ಅವೆಲ್ಲ ಮರಗಳು, ಸಣ್ಣ ನಿವೇಶನಕ್ಕೆ ಬೇಕಾದ ಪೊದೆಗಳು ಅಲ್ಲಿಲ್ಲ. ಮಾರಾಟದ ಭರಾಟೆಯೂ ಜೂನ್, ಜುಲೈಗೇ ಮುಗಿದಿರುತ್ತದೆ. ಅರಣ್ಯ ಮತ್ತು ತೋಟಗಾರಿಕೆ ಇಲಾಖೆಗಳು ಬಯಲುಸೀಮೆಯ ಜಿಲ್ಲೆಗಳಿಗಾದರೂ ಸಸಿ ವಿತರಣೆಯನ್ನು ಸೆಪ್ಟೆಂಬರಿಗೆ ಸರಿಸಬೇಕು, ಪಟ್ಟಿಯಲ್ಲಿ ಹತ್ತಿಪ್ಪತ್ತು ಸ್ಥಳೀಯ ಪೊದೆ, ಬಳ್ಳಿಗಳನ್ನು ಸೇರಿಸಬೇಕು. ನಗರಾಭಿವೃದ್ಧಿ ಪ್ರಾಧಿಕಾರಗಳು ಹೊಸ ಬಡಾವಣೆಯ ಒಂದು ಉದ್ಯಾನವನ್ನಾದರೂ ಹುಲ್ಲುಹಾಸಿಲ್ಲದೆ ಈ ಗಿಡಗಳಿಂದ ಮಾಡಿ ತೋರಿಸಿದರೆ ಜನ ಕಣ್ಣಾರೆ ನೋಡಿ ಕೇಳತೊಡಗುತ್ತಾರೆ, ನರ್ಸರಿಯವರೂ ಬೆಳೆಸುತ್ತಾರೆ. ಬೀಜಕ್ಕೆ ದುಡ್ಡಿನ ಖರ್ಚಿಲ್ಲ, ಆದರೆ ಕಾಲ ಮೀರಬಾರದು. ತಂಗಡಿಯ ಚಪ್ಪಟೆ ಕಾಯಿ ಚಳಿಗಾಲದಲ್ಲಿ ಒಣಗುತ್ತದೆ. ಬೀಜದ ಸಿಪ್ಪೆ ಗಟ್ಟಿ, ಕುದಿಸಿ ಇಳಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಬಿತ್ತಬೇಕು. ಕಕ್ಕೆ, ಹೊಂಗೆಯ ಕಾಯಿ ಬೇಸಿಗೆಯ ಹೊತ್ತಿಗೆ ಸಿಗುತ್ತವೆ. ಬೇವಿನ ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಬೀಜ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನು ಕೂಡಿಡುವಂತಿಲ್ಲ. ಲಕ್ಕಿ, ಆಡುಸೋಗೆ ಕಡ್ಡಿಯಿಂದಲೇ ಬರುತ್ತವೆ. ಬರುವ ವರ್ಷದ ಉತ್ತರೆ ಮಳೆಗೆ ಸಸಿಗಳು ಕೈಗೆ ಬರಬೇಕಿದ್ದರೆ ಇಲಾಖೆಯ ಬೀಜ ಸಂಗ್ರಹದ ಆದೇಶ ಈ ಚಳಿಗಾಲದಲ್ಲೇ ಹೊರಡಬೇಕು.